ಮನೆಯಲ್ಲಿ ಅಂಜೂರ: ತಳಿ, ಬೇಸಾಯ, ರುಚಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಂಜೂರದ ಗಿಡ ಬದುಕಿಸುವುದು ಸುಲಭ, ಒಳ್ಳೆಯ ಹಣ್ಣು ತಿನ್ನುವುದು ಅಷ್ಟು ಸುಲಭವಲ್ಲ. ಹೊಸಬರು ಕೇಳುವ ಬಹುಪಾಲು ಪ್ರಶ್ನೆಗಳು ತಳಿಯ ಹೆಸರಿನ ಸುತ್ತಲೇ ಸುತ್ತುತ್ತವೆ. ನಮ್ಮ ಹವೆಯಲ್ಲಿ ಹಣ್ಣು ಯಾವ ತಿಂಗಳಲ್ಲಿ ಮಾಗುತ್ತದೆ ಎಂಬುದು ಹೆಸರಿಗಿಂತ ದೊಡ್ಡ ವಿಷಯ. ಕೆಳಗಿನ ಉತ್ತರಗಳಲ್ಲಿ ಆ ಮಾತು ಮತ್ತೆ ಮತ್ತೆ ಬರುತ್ತದೆ.

ನಮ್ಮೂರಿನ ಹವೆಗೆ ಅಂಜೂರ ಒಗ್ಗುತ್ತದೆಯೇ?

ಒಣ ಹವೆ, ಚುರುಕು ಬಿಸಿಲು, ನೀರು ನಿಲ್ಲದ ಮಣ್ಣು ಇದ್ದರೆ ಸಾಕು. ಬಳ್ಳಾರಿ, ಕೊಪ್ಪಳ, ಚಿತ್ರದುರ್ಗದ ಬಯಲುಸೀಮೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಶ್ರೀರಂಗಪಟ್ಟಣದ ಗಂಜಾಂ ಅಂಜೂರ ಹಳೇ ಮೈಸೂರು ಭಾಗದಲ್ಲಿ ಮೊದಲಿನಿಂದ ಹೆಸರುವಾಸಿ. ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬೆಂಗಳೂರು, ಮೈಸೂರಿನ ತಾರಸಿಗಳಲ್ಲೂ ಚೆನ್ನಾಗಿ ಬರುತ್ತದೆ, ಮಳೆಗಾಲದ ಕೊನೆಗೆ ತುಕ್ಕು ರೋಗದ ಕಾಟ ಮಾತ್ರ ಇದ್ದೇ ಇದೆ. ಕರಾವಳಿ, ಮಲೆನಾಡಿನವರು ಗಿಡವನ್ನು ಕುಂಡದಲ್ಲೇ ಬೆಳೆಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾರದರ್ಶಕ ಶೀಟಿನ ಮಾಡಿನಡಿ ಇಡಬೇಕು. ನೆಲಕ್ಕೆ ನೆಟ್ಟರೆ ಬೇರು ಕೊಳೆಯುತ್ತದೆ.

ಮೊದಲ ಗಿಡಕ್ಕೆ ಯಾವ ತಳಿ?

ಒಂದೇ ಗಿಡಕ್ಕೆ ಜಾಗವಿದ್ದರೆ ಡಯಾನಾ. ದೊಡ್ಡ ಹಣ್ಣು, ಹಳದಿ ಮಿಶ್ರಿತ ಹಸಿರು ಸಿಪ್ಪೆ, ಒಳಗೆ ಜೇನಿನ ಬಣ್ಣದ ತಿರುಳು. ಸಿಹಿ ಧಾರಾಳ, ಒಣಗಿಸುವುದಕ್ಕೂ ಬರುತ್ತದೆ. ಎರಡನೆಯದಕ್ಕೆ ಪೂನಾ: ಮಧ್ಯಮ ಗಾತ್ರ, ತೆಳು ಸಿಪ್ಪೆ, ತಿಳಿ ನೇರಳೆ ಮೈ, ಗುಲಾಬಿ ತಿರುಳು. ತಿನ್ನಲು ಸೊಗಸು, ಆದರೆ ಕಿತ್ತ ಮೇಲೆ ಬೇಗ ಕೆಡುತ್ತದೆ. ಅಂಗಡಿಯಲ್ಲಿ ಒಳ್ಳೆಯ ಪೂನಾ ಸಿಗುವುದು ಅಪರೂಪ, ಅದಕ್ಕೇ ಮನೆಯಲ್ಲಿ ಒಂದು ಗಿಡ ಇರಬೇಕು. ದೌಲತಾಬಾದ್ ಕಡೆಯ ಗಿಡಗಳಿಂದ ಆರಿಸಿದ ದಿನಕರ್ ಕೂಡ ಇದೇ ಸಾಲಿಗೆ ಸೇರುತ್ತದೆ.

ಹೊರಗಿನಿಂದ ಬಂದವುಗಳಲ್ಲಿ ಕೊನಾಡ್ರಿಯಾ ಮತ್ತು ಎಕ್ಸೆಲ್ ನಂಬಬಹುದಾದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕೊನಾಡ್ರಿಯಾವನ್ನು 1956ರಲ್ಲಿ, ಎಕ್ಸೆಲ್ ಅನ್ನು 1975ರಲ್ಲಿ ಬಿಡುಗಡೆ ಮಾಡಿತು. ಎಕ್ಸೆಲ್ ಹಣ್ಣಿನ ಕಣ್ಣು, ಅಂದರೆ ತುದಿಯ ಸಣ್ಣ ತೂತು, ಬಿಗಿಯಾಗಿ ಮುಚ್ಚಿರುತ್ತದೆ. ಇರುವೆ, ನೊಣ, ಮಳೆನೀರು ಒಳಹೊಗುವುದು ಕಡಿಮೆ. ಬ್ರೌನ್ ಟರ್ಕಿ ಎಳೆಯ ವಯಸ್ಸಿಗೇ ಫಲ ಕೊಡುತ್ತದೆ, ರುಚಿ ಮಾತ್ರ ಸಾಧಾರಣ. ಹುಲಿಪಟ್ಟೆಯ ಪನಾಶೆ ಫೋಟೋದಲ್ಲಿ ಎಲ್ಲರ ಕಣ್ಣು ಸೆಳೆಯುತ್ತದೆ. ನಿಧಾನಕ್ಕೆ ಮಾಗುವ ಜಾತಿ ಅದು, ಮೊದಲ ಗಿಡವಾಗಿ ಬೇಡ.

ನರ್ಸರಿಯಲ್ಲಿ ‘ಟರ್ಕಿ ಅಂಜೂರ’, ‘ಇಸ್ರೇಲ್ ಅಂಜೂರ’ ಎಂದು ಚೀಟಿ ಅಂಟಿಸಿರುತ್ತಾರೆ. ಅದು ಯಾವ ತಳಿ?

ಅವು ದೇಶದ ಹೆಸರುಗಳು, ತಳಿಯ ಹೆಸರಲ್ಲ. ಬ್ರೌನ್ ಟರ್ಕಿ ಎಂಬ ಹೆಸರಿನಲ್ಲೇ ಬೇರೆ ಬೇರೆ ಗಿಡಗಳು ಮಾರಾಟವಾಗುತ್ತವೆ. ಸಾಧ್ಯವಿದ್ದರೆ ಹಣ್ಣು ಬಿಟ್ಟಿರುವ ತಾಯಿಗಿಡ ನೋಡಿ, ಅದೇ ಗಿಡದ ಕಡ್ಡಿ ಕೇಳಿ ತನ್ನಿ. ಎಲೆಯ ಆಕಾರ ನೋಡಿ ತಳಿ ಹೇಳುತ್ತೇವೆ ಎನ್ನುವವರನ್ನು ಪೂರ್ತಿ ನಂಬಬೇಡಿ. ಒಂದೇ ಗಿಡದಲ್ಲಿ ಮೂರು ಸೀಳಿನ ಎಲೆಯೂ ಐದು ಸೀಳಿನ ಎಲೆಯೂ ಇರುತ್ತವೆ.

ಅಂಜೂರದೊಳಗೆ ಸತ್ತ ಕಣಜ ಇರುತ್ತದಂತೆ, ನಿಜವೇ?

ನಾವು ಮನೆಯಲ್ಲಿ ಬೆಳೆಯುವ ತಳಿಗಳಲ್ಲಿ ಇಲ್ಲ. ಅಂಜೂರವೆಂದರೆ ಹೂಗೊಂಚಲೇ ಒಳಮುಖವಾಗಿ ಮಡಚಿಕೊಂಡ ಚೀಲ; ನೂರಾರು ಪುಟ್ಟ ಹೂಗಳು ಒಳಗೇ ಇರುತ್ತವೆ. ಪೂನಾ, ಡಯಾನಾ, ಕೊನಾಡ್ರಿಯಾ, ಬ್ರೌನ್ ಟರ್ಕಿ ಇವೆಲ್ಲ ಪರಾಗಸ್ಪರ್ಶವಿಲ್ಲದೆಯೇ ಹಣ್ಣಾಗುತ್ತವೆ. ಅತ್ತಿಹಣ್ಣು ಬಿಚ್ಚಿದರೆ ಕಾಣುವ ಹುಳಗಳು ಇಲ್ಲಿ ಇಲ್ಲ.

ಸ್ಮಿರ್ನಾ ಗುಂಪಿನ ಕಥೆ ಬೇರೆ. ಅದಕ್ಕೆ ಗಂಡು ಅಂಜೂರದಲ್ಲಿ ಬೆಳೆಯುವ ಬ್ಲಾಸ್ಟೋಫಾಗಾ ಎಂಬ ಸಣ್ಣ ಕಣಜ ಬಂದು ಪರಾಗ ಒಯ್ಯಬೇಕು. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾಗೆ ಸ್ಮಿರ್ನಾ ಗಿಡ ತರಿಸಿದ ರೈತರು ಕಾಯಿ ಉದುರುವುದನ್ನು ವರ್ಷಗಟ್ಟಲೆ ನೋಡಿದರು. 1899ರಲ್ಲಿ ಕಣಜ ಅಲ್ಲಿ ನೆಲೆಯೂರಿದ ಮೇಲಷ್ಟೇ ಕಾಯಿ ಉದುರದೆ ಫಸಲು ಕೈಗೆ ಬಂತು. ಆದ್ದರಿಂದ ‘ಸ್ಮಿರ್ನಾ’, ‘ಕ್ಯಾಲಿಮಿರ್ನಾ’ ಎಂಬ ಹೆಸರಿನ ಗಿಡಕ್ಕೆ ಇಲ್ಲಿ ದುಡ್ಡು ಸುರಿಯಬೇಡಿ. ಹೆಬ್ಬೆರಳಿನ ಗಾತ್ರಕ್ಕೆ ಬಂದು ಬಾಡಿ ಬೀಳುತ್ತದೆ, ಏನು ಗೊಬ್ಬರ ಹಾಕಿದರೂ ಅಷ್ಟೇ.

ಅಂಗಡಿಯ ಒಣ ಅಂಜೂರದ ಬೀಜ ಮೊಳೆಯುತ್ತದೆಯೇ?

ಎಷ್ಟೋ ಸಲ ಮೊಳೆಯುತ್ತದೆ, ಆದರೆ ಪ್ರಯೋಜನವಿಲ್ಲ. ಹಾಗೆ ಮೊಳೆತವುಗಳಲ್ಲಿ ಸರಿಸುಮಾರು ಅರ್ಧ ಗಂಡು ಗಿಡ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಮತ್ತದೇ ಕಣಜ ಬೇಕು. ನಾಲ್ಕೈದು ವರ್ಷ ಕಾದು ಬರಿಗೈಯಾಗುವ ದಾರಿ ಇದು.

ಹಾಗಾದರೆ ಕಡ್ಡಿಯಿಂದ ಗಿಡ ಮಾಡುವುದು ಹೇಗೆ?

ಸವರುವಾಗ ಸಿಗುವ, ಕಳೆದ ವರ್ಷ ಬಲಿತ, ಪೆನ್ಸಿಲ್‌ನಿಂದ ಹೆಬ್ಬೆರಳಿನಷ್ಟು ದಪ್ಪದ ಕಡ್ಡಿ ಆರಿಸಿ. ಉದ್ದ 20ರಿಂದ 25 ಸೆಂಟಿಮೀಟರ್, ಮೂರು ನಾಲ್ಕು ಗೆಣ್ಣು ಇರಲಿ. ಕೆಳಗಿನ ತುದಿಯನ್ನು ಗೆಣ್ಣಿನ ಕೆಳಗೇ ನೇರವಾಗಿ, ಮೇಲಿನ ತುದಿಯನ್ನು ಓರೆಯಾಗಿ ಕತ್ತರಿಸಿದರೆ ತಲೆಕೆಳಗು ನೆಡುವ ಎಡವಟ್ಟು ತಪ್ಪುತ್ತದೆ. ಹಾಲು ಒಸರುವುದು ನಿಲ್ಲುವ ತನಕ ಒಂದು ದಿನ ನೆರಳಲ್ಲಿಡಿ. ಬೇರು ಬರಿಸುವ ಪುಡಿ ಇದ್ದರೆ ಅದ್ದಿ, ಇಲ್ಲದಿದ್ದರೂ ಅಂಜೂರ ಬೇರು ಬಿಡುತ್ತದೆ.

ಅರ್ಧ ತೆಂಗಿನ ನಾರಿನ ಪುಡಿ, ಅರ್ಧ ದಪ್ಪ ಮರಳು ತುಂಬಿದ ಪಾಲಿಥೀನ್ ಚೀಲದಲ್ಲಿ ಕಡ್ಡಿಯ ಮೂರನೇ ಎರಡು ಭಾಗ ಹೂತು, ಒಂದು ಗೆಣ್ಣು ಮೇಲೆ ಬಿಡಿ. ಗೊಬ್ಬರ ಬೇಡವೇ ಬೇಡ. ನಾರಿನ ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಾಗಿ ಸುರಿದರೆ ನೀರು ಜಾಸ್ತಿಯಾಗಿದೆ ಎಂದರ್ಥ. ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ. ಎರಡು ಮೂರು ವಾರಕ್ಕೆ ಎಲೆ ಚಿಗುರುತ್ತದೆ. ಅದು ಕಡ್ಡಿಯಲ್ಲಿ ಕೂಡಿಟ್ಟ ಶಕ್ತಿಯಿಂದ ಬಂದ ಚಿಗುರು, ಬೇರು ಬಂದ ಗುರುತಲ್ಲ. ಖುಷಿಯಿಂದ ದಿನಾ ನೀರು ಹಾಕಿದರೆ ಬುಡ ಕಪ್ಪಾಗಿ ಕೊಳೆಯುತ್ತದೆ. ಬೇರು ಹಿಡಿಯಲು ನಾಲ್ಕರಿಂದ ಆರು ವಾರ ಬೇಕು. ಕಡ್ಡಿಯನ್ನು ಎಳೆದು ನೋಡಬೇಡಿ. ಪಾರದರ್ಶಕ ಚೀಲ ಬಳಸಿದರೆ ಬಿಳಿ ಬೇರು ಹೊರಗಿನಿಂದಲೇ ಕಾಣುತ್ತದೆ.

ಗೂಟಿಯೂ, ಅಂದರೆ ಗಿಡದಲ್ಲಿರುವ ಕೊಂಬೆಗೇ ಬೇರು ಬರಿಸುವುದೂ, ಆಗುತ್ತದೆ. ಮಳೆಗಾಲದಲ್ಲಿ ಎರಡೂವರೆ ಸೆಂಟಿಮೀಟರ್ ಅಗಲದ ತೊಗಟೆ ಉಂಗುರ ತೆಗೆದು, ಒದ್ದೆ ಪಾಚಿ ಕಟ್ಟಿ, ಪ್ಲಾಸ್ಟಿಕ್ ಸುತ್ತಿದರೆ ಸುಮಾರು ಒಂದೂವರೆ ತಿಂಗಳಿಗೆ ಬೇರು ತುಂಬುತ್ತದೆ.

ಕುಂಡ ಎಷ್ಟು ದೊಡ್ಡದಿರಬೇಕು? ಮಣ್ಣು?

ಮೊದಲ ವರ್ಷ 12 ಇಂಚು, ಆಮೇಲೆ 18 ಇಂಚು ಅಥವಾ 200 ಲೀಟರ್ ಡ್ರಮ್ಮಿನ ಅರ್ಧ. ಪುಟ್ಟ ಸಸಿಯನ್ನು ನೇರ ಡ್ರಮ್ಮಿಗೆ ನೆಟ್ಟರೆ ಬೇರು ಮುಟ್ಟದ ಮಣ್ಣು ಹಸಿಯಾಗೇ ಉಳಿದು ಹುಳಿಯುತ್ತದೆ. ತಳದಲ್ಲಿ ಬೆರಳು ಹೋಗುವಷ್ಟು ಐದಾರು ತೂತು ಬೇಕು, ಡ್ರಮ್ಮನ್ನು ಇಟ್ಟಿಗೆಯ ಮೇಲೆ ಕೂರಿಸಬೇಕು.

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು. ಅರ್ಧ ಡ್ರಮ್ಮಿಗೆ 250 ಗ್ರಾಂ ಬೇವಿನ ಹಿಂಡಿ ಬೆರೆಸಿ, ಬೇರುಗಂಟು ಜಂತುಹುಳುವಿಗೆ ಸ್ವಲ್ಪ ತಡೆಯಾಗುತ್ತದೆ. ಎಂ-ಸ್ಯಾಂಡ್ ಹಾಕುವುದಾದರೆ ತೊಳೆದು ಹಾಕಿ, ಅದರ ಧೂಳು ಮಣ್ಣನ್ನು ಸಿಮೆಂಟಿನಂತೆ ಗಟ್ಟಿ ಮಾಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಗಿಡ ಹೊರತೆಗೆದು, ಸುತ್ತಲಿನ ಬೇರನ್ನು ನಾಲ್ಕು ಸೆಂಟಿಮೀಟರಿನಷ್ಟು ಕತ್ತರಿಸಿ, ಹೊಸ ಮಣ್ಣು ತುಂಬಿ. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳದ ಬಾಲ್ಕನಿಯಾದರೆ ಬೇರೆ ಗಿಡ ನೋಡಿಕೊಳ್ಳಿ.

ನೀರು, ಗೊಬ್ಬರ ಎಷ್ಟು?

ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ. ಒಣಗಿದ್ದರೆ ತಳದಿಂದ ಹರಿಯುವವರೆಗೆ ಹಾಕಿ. ಮಾರ್ಚ್, ಏಪ್ರಿಲ್‌ನ ತಾರಸಿಯಲ್ಲಿ ದಿನಾ ಬೇಕಾಗಬಹುದು. ಗೊಬ್ಬರದಲ್ಲಿ ಕೈ ಬಿಗಿ ಇರಲಿ. ಸವರಿದಾಗ ಎರಡು ಕೆಜಿ ಎರೆಗೊಬ್ಬರ, 200 ಗ್ರಾಂ ಬೇವಿನ ಹಿಂಡಿ. ಕಾಯಿ ಕಚ್ಚಿದ ಮೇಲೆ ಹದಿನೈದು ದಿನಕ್ಕೊಮ್ಮೆ ಲೀಟರ್ ನೀರಿಗೆ ಐದು ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್ ಬೆರೆಸಿ ಬುಡಕ್ಕೆ ಹಾಕಿ. ಯೂರಿಯಾ ಹಾಕಿದರೆ ತಟ್ಟೆಯಗಲದ ಎಲೆ ಬರುತ್ತದೆ, ಕಾಯಿ ಬರುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಹಾಕುವವರು ಬೂದಿ, ಸುಣ್ಣ ಎರಡನ್ನೂ ಬಿಟ್ಟುಬಿಡಿ.

ಯಾವಾಗ ಸವರಬೇಕು?

ಇಡೀ ಬೇಸಾಯದ ಕೀಲಿ ಇಲ್ಲಿದೆ. ಪುಣೆ ಕಡೆಯ ರೈತರು ಎರಡು ಬೆಳೆ ಲೆಕ್ಕ ಹಾಕುತ್ತಾರೆ: ಮಳೆಗಾಲದಲ್ಲಿ ಬರುವ ಖಟ್ಟಾ ಬಹಾರ್, ಬೇಸಿಗೆಯ ಮೀಠಾ ಬಹಾರ್. ಹುಳಿ ಬೆಳೆ, ಸಿಹಿ ಬೆಳೆ ಎಂಬ ಈ ಹೆಸರುಗಳಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಮೋಡ ಕವಿದ ಆಗಸ್ಟ್‌ನಲ್ಲಿ ಮಾಗಿದ ಡಯಾನಾ ನೀರುನೀರಾಗಿರುತ್ತದೆ; ಅದೇ ಗಿಡದ ಮಾರ್ಚ್ ಹಣ್ಣು ಬೆರಳಿಗೆ ಅಂಟುತ್ತದೆ.

ಆದ್ದರಿಂದ ಮನೆಯ ಗಿಡಕ್ಕೆ ಬೇಸಿಗೆ ಬೆಳೆಯನ್ನೇ ಗುರಿಯಿಡಿ. ಸೆಪ್ಟೆಂಬರ್ ಕೊನೆಯಲ್ಲಿ ನೀರು ಕಡಿಮೆ ಮಾಡಿ, ಎಲೆ ಜೋತಾಗ ಮಾತ್ರ ಕೊಡಿ. ಅಕ್ಟೋಬರ್ ಮಧ್ಯದಲ್ಲಿ, ಎರಡು ಮೂರು ದಿನ ಮಳೆಯಿಲ್ಲದ ಹೊತ್ತು ನೋಡಿ, ಆ ವರ್ಷ ಬೆಳೆದ ಪ್ರತಿ ಕೊಂಬೆಯನ್ನು ಮೂರು ನಾಲ್ಕು ಗೆಣ್ಣಿಗೆ ಸವರಿ, ಉಳಿದ ಎಲೆ ತೆಗೆಯಿರಿ. ಒಂದಕ್ಕೊಂದು ಉಜ್ಜುವ, ಒಳಮುಖ ಕೊಂಬೆಗಳನ್ನು ಬುಡಕ್ಕೇ ಕತ್ತರಿಸಿ. ದಪ್ಪ ಗಾಯಗಳಿಗೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣದ ಲೇಪ) ಹಚ್ಚಿ. ಗೊಬ್ಬರ ಕೊಟ್ಟು ನೀರು ಶುರುಮಾಡಿದರೆ ಎರಡು ವಾರದೊಳಗೆ ಚಿಗುರು ಬರುತ್ತದೆ. ಹೊಸ ಚಿಗುರಿನ ಎಲೆಯ ಕಂಕುಳಲ್ಲಿ ಮೆಣಸಿನಕಾಳಿನಷ್ಟು ಕಾಯಿ ಕಾಣಿಸುತ್ತದೆ, ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಹಣ್ಣು ತಿನ್ನಬಹುದು. ಕೊಂಬೆಗೆ ಒಂದೇ ಚಿಗುರು ಉಳಿಸುವುದು ಕುಂಡದ ಗಿಡಕ್ಕೆ ಸಾಕು. ಜೂನ್, ಜುಲೈನಲ್ಲಿ ಸವರಿದರೆ ಮಳೆನೀರು ಗಾಯಕ್ಕಿಳಿದು ಕೊಂಬೆ ತುದಿಯಿಂದ ಒಣಗುತ್ತಾ ಬರುತ್ತದೆ.

ಕಾಯಿ ತಿಂಗಳಿಂದ ಒಂದೇ ಗಾತ್ರದಲ್ಲಿ ನಿಂತಿದೆ, ಏನಾಗಿದೆ?

ಏನೂ ಆಗಿಲ್ಲ. ಅಂಜೂರ ಮೊದಲು ಬೇಗ ಉಬ್ಬುತ್ತದೆ, ಆಮೇಲೆ ವಾರಗಟ್ಟಲೆ ಸುಮ್ಮನಿರುತ್ತದೆ, ಕೊನೆಯ ಒಂದು ವಾರದಲ್ಲಿ ದಿಢೀರನೆ ಹಿಗ್ಗಿ ಬಣ್ಣ ತಿರುಗುತ್ತದೆ. ನಡುವಿನ ಈ ಮೌನದಲ್ಲಿ ಗಾಬರಿಯಾಗಿ ಗೊಬ್ಬರ ಸುರಿಯುವವರೇ ಹೆಚ್ಚು.

ಆತುರವಿದ್ದರೆ ಹಳೆಯ ಉಪಾಯವೊಂದಿದೆ. ಒಂದು ಕಾಯಿ ಕಿತ್ತು ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಬರತೊಡಗಿದ್ದರೆ, ಅದೇ ವಯಸ್ಸಿನ ಉಳಿದವುಗಳ ಕಣ್ಣಿಗೆ ಹತ್ತಿಯಿಂದ ಒಂದು ಹನಿ ಅಡುಗೆ ಎಣ್ಣೆ ಮುಟ್ಟಿಸಿ. ಎಣ್ಣೆ ಕಾಯಿಯೊಳಗೆ ಎಥಿಲೀನ್ ಎಂಬ ಮಾಗಿಸುವ ಅನಿಲ ಹುಟ್ಟಿಸಿ ಒಂದು ವಾರದೊಳಗೆ ಹಣ್ಣು ಮಾಡುತ್ತದೆ. ಒಳಗೆ ಬಿಳಿಯಿದ್ದಾಗ ಹಚ್ಚಿದರೆ ಸಪ್ಪೆ ಹಣ್ಣಾಗುತ್ತದೆ ಇಲ್ಲವೇ ಉದುರುತ್ತದೆ. ರುಚಿ ನೋಡುವುದಕ್ಕಾಗಿಯೇ ಬೆಳೆಯುವವರು ಈ ಉಪಾಯದ ತಂಟೆಗೆ ಹೋಗದಿರುವುದು ಒಳಿತು.

ಕಾಯಿ ಉದುರುವುದೇಕೆ?

ಮೊದಲ ವರ್ಷದ ಗಿಡವಾದರೆ ಬೇರಿನ ಬಲ ಸಾಲದು, ಬಿಡಿ. ಬಲಿತ ಗಿಡವಾದರೆ ಮೊದಲು ನೀರು ನೋಡಿ: ಒಂದು ದಿನ ಪೂರ್ತಿ ಬಾಡಿ ಮರುದಿನ ನೆನೆದ ಕುಂಡದಲ್ಲಿ ಕಾಯಿ ನಿಲ್ಲುವುದಿಲ್ಲ. ನಂತರ ನೆರಳು. ಎಲ್ಲ ಸರಿಯಿದ್ದೂ ಪ್ರತಿ ವರ್ಷ ಒಂದೇ ಗಾತ್ರದಲ್ಲಿ ಎಲ್ಲವೂ ಬಿದ್ದರೆ ಅದು ಕಣಜ ಬೇಡುವ ತಳಿಯೆಂದು ತಿಳಿದು, ಬುಡದ ಮೇಲೆ ಡಯಾನಾ ಕಸಿ ಕಟ್ಟಿಸಿ.

ಹಣ್ಣಾಗಿದೆ ಎಂದು ತಿಳಿಯುವುದು ಹೇಗೆ?

ಬಣ್ಣ ನೋಡಿ ಕೀಳುವುದೇ ತಪ್ಪು, ಡಯಾನಾ ಮಾಗಿದರೂ ಹಸಿರು ಬಿಡುವುದಿಲ್ಲ. ತೊಟ್ಟಿನ ಬಳಿ ಕುತ್ತಿಗೆ ಬಾಗಬೇಕು. ನೆಟ್ಟಗೆ ನಿಂತ ಅಂಜೂರ ಕಾಯಿ. ಮುಟ್ಟಿದರೆ ಕಿವಿಹಾಲೆಯಷ್ಟು ಮೆತ್ತಗಿರಬೇಕು. ಸಿಪ್ಪೆಯ ಮೇಲೆ ಕೂದಲೆಳೆಯಂಥ ಬಿಳಿ ಬಿರುಕು, ಕಣ್ಣಿನಲ್ಲಿ ಪಾಕದ ಹನಿ ಕಂಡರೆ ಅದೇ ಬೆಳಗ್ಗೆ ಕೀಳಿ. ಕಿತ್ತಾಗ ತೊಟ್ಟಿನಿಂದ ಬಿಳಿ ಹಾಲು ಬಂದರೆ ಒಂದೆರಡು ದಿನ ಮುಂಚೆ ಕಿತ್ತಿದ್ದೀರಿ. ಕಿತ್ತ ಮೇಲೆ ಮೆತ್ತಗಾಗಬಹುದು, ಸಿಹಿ ಏರುವುದಿಲ್ಲ. ಅಕ್ಕಿ ಡಬ್ಬದಲ್ಲಿಟ್ಟು ಪ್ರಯೋಜನವಿಲ್ಲ.

ತಳಿಗಳ ರುಚಿ ಹೋಲಿಸುವುದು ಹೇಗೆ?

ರುಚಿಯಲ್ಲಿ ದೊಡ್ಡದಾಗಿ ಎರಡು ಬಗೆ. ಜೇನಿನ ಬಗೆ: ಡಯಾನಾ, ಕಡೋಟಾ, ಎಕ್ಸೆಲ್. ತಿರುಳು ತಿಳಿ ಕಂದು ಚಿನ್ನದ ಬಣ್ಣ, ನೇರ ಸಿಹಿ, ಹುಳಿ ಇಲ್ಲವೆನ್ನುವಷ್ಟು ಕಡಿಮೆ. ಕೆಂಪು ತಿರುಳಿನ ಬಗೆ: ಬ್ಲಾಕ್ ಮಿಷನ್, ಪನಾಶೆ. ಸಿಹಿಯ ಹಿಂದೆ ಸ್ಟ್ರಾಬೆರಿಯಂಥ ಹುಳಿ ಬರುತ್ತದೆ. ಪೂನಾ, ಕೊನಾಡ್ರಿಯಾ ನಡುವೆ ಎಲ್ಲೋ ನಿಲ್ಲುತ್ತವೆ. ಬರೀ ಸಿಹಿ ತಿಂದು ಬೇಸರವಾಗುವವರಿಗೆ ಎರಡನೆಯ ಬಗೆಯೇ ಹಿಡಿಸುವುದು.

ಹೋಲಿಕೆಗೆ ಒಂದೇ ವಾರದ, ಮಳೆ ಬೀಳದ ದಿನಗಳ ಹಣ್ಣು ಬೇಕು. ಫ್ರಿಜ್ಜಿನಿಂದ ತೆಗೆದು ಒಂದು ಗಂಟೆ ಹೊರಗಿಡಿ, ತಣ್ಣಗಿದ್ದರೆ ಹುಳಿ, ಪರಿಮಳ ಎರಡೂ ಮಂಕು. ಕಣ್ಣಿನಿಂದ ತೊಟ್ಟಿನವರೆಗೆ ಉದ್ದಕ್ಕೆ ಸೀಳಿ. ಮೊದಲು ಸಿಪ್ಪೆಯ ಚೂರು ಬೇರೆ ಅಗಿಯಿರಿ, ಆಮೇಲೆ ತಿರುಳು, ಕೊನೆಗೆ ಎರಡೂ ಸೇರಿಸಿ. ನಡುವೆ ನೀರು ಕುಡಿದು ಎರಡು ಕಾಳು ಮಂಡಕ್ಕಿ ತಿಂದರೆ ನಾಲಿಗೆ ಶುದ್ಧ. ರಸದ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ಇದ್ದರೆ ಎರಡು ಹನಿ ರಸ ಹಾಕಿ ನೋಡಿ: 16ರ ಕೆಳಗಿದ್ದರೆ ಸಪ್ಪೆ, 20 ದಾಟಿದರೆ ಒಳ್ಳೆಯ ಹಣ್ಣು. ಅಂಕಿ ಸಿಹಿಯನ್ನು ಮಾತ್ರ ಅಳೆಯುತ್ತದೆ, ಪರಿಮಳವನ್ನಲ್ಲ.

ಮೊದಲ ವರ್ಷದ ಹಣ್ಣು ತಿಂದು ತಳಿಯ ಮೇಲೆ ತೀರ್ಪು ಕೊಡಬೇಡಿ. ಮೂರನೇ ಬೆಳೆಯೂ ಸಪ್ಪೆಯಾದರೆ ಕಿತ್ತುಹಾಕಿ, ದಾಕ್ಷಿಣ್ಯ ಬೇಡ.

ಹಣ್ಣು ಬಿರಿದು ಹುಳಿ ವಾಸನೆ ಬರುತ್ತಿದೆ.

ಮಾಗುವ ವಾರದಲ್ಲಿ ನೀರು ಹೆಚ್ಚಾದರೆ ಒಳಗಿನ ತಿರುಳು ಸಿಪ್ಪೆಗಿಂತ ಬೇಗ ಉಬ್ಬಿ ಬಿರಿಯುತ್ತದೆ. ಆ ವಾರ ನೀರನ್ನು ಅರ್ಧಕ್ಕಿಳಿಸಿ. ಹುಳಿ ವಾಸನೆ ಬರುವುದು ನೊಣ, ದುಂಬಿಗಳು ಕಣ್ಣಿನ ಮೂಲಕ ಯೀಸ್ಟ್ ಒಯ್ದು ಒಳಗೆ ಹುದುಗು ಬಂದಾಗ. ಅಂಥ ಹಣ್ಣನ್ನು ಬುಡದಲ್ಲಿ ಬಿಡದೆ ದೂರ ಎಸೆಯಿರಿ. ಬಣ್ಣ ತಿರುಗುವ ಮೊದಲೇ ಪ್ರತಿ ಕಾಯಿಗೆ ಆರ್ಗಂಜಾ ಎಂಬ ತೆಳು ಬಟ್ಟೆಯ ಚೀಲ ಕಟ್ಟಿದರೆ ನೊಣ, ಪಿಕಳಾರ ಎರಡಕ್ಕೂ ತಡೆ. ಅಳಿಲು ಚೀಲವನ್ನೂ ಕಚ್ಚುತ್ತದೆ, ಅದಕ್ಕೆ ತಂತಿ ಬಲೆಯೇ ಬೇಕು.

ಎಲೆಯ ಅಡಿಯಲ್ಲಿ ಕಂದು ಪುಡಿ, ಆಮೇಲೆ ಎಲೆಯೆಲ್ಲ ಉದುರುತ್ತದೆ.

ತುಕ್ಕು ರೋಗ, ಆಗಸ್ಟ್‌ನಿಂದ ನವೆಂಬರ್‌ವರೆಗೆ ಇದರ ಕಾಲ. ಬಿದ್ದ ಎಲೆ ಗುಡಿಸಿ ಸುಡಿ, ಕಾಂಪೋಸ್ಟಿಗೆ ಹಾಕಬೇಡಿ. ಮೇಲಿನಿಂದ ನೀರು ಚಿಮುಕಿಸಬೇಡಿ. ಮಳೆಗಾಲದ ಆರಂಭದಲ್ಲಿ ಒಮ್ಮೆ, ಸವರಿದ ಮೇಲೆ ಒಮ್ಮೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಿ. 100 ಗ್ರಾಂ ಮೈಲುತುತ್ತವನ್ನು ಐದು ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನೈದು ಲೀಟರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ಸುಣ್ಣದ ನೀರನ್ನು ಸೋಸಿ, ಮೈಲುತುತ್ತದ ನೀರನ್ನು ಅದಕ್ಕೆ ಕಲಕುತ್ತಾ ಸುರಿಯಿರಿ. ಉಜ್ಜಿ ಹೊಳೆಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ತಾಮ್ರದ ಕೆಂಪು ಕಟ್ಟಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಇಲ್ಲದಿದ್ದರೆ ಎಲೆ ಸುಡುತ್ತದೆ. ಅಂದೇ ಬಳಸಿ ಮುಗಿಸಬೇಕು. ಹಣ್ಣು ಮಾಗುವ ಹೊತ್ತಿನಲ್ಲಿ ಹೊಡೆಯಬೇಡಿ.

ಕೊಂಬೆಯ ತೂತಿನಿಂದ ಮರದ ಪುಡಿ ಉದುರುತ್ತಿದೆ.

ಕಾಂಡ ಕೊರೆಯುವ ಹುಳ ಒಳಗಿದೆ. ಸೈಕಲ್ ಕಡ್ಡಿಯಂಥ ತಂತಿಯನ್ನು ತೂತಿಗೆ ತೂರಿಸಿ ಚುಚ್ಚಿ, ತುದಿಗೆ ತೇವ ಅಂಟಿ ಬಂದರೆ ಹುಳಕ್ಕೆ ತಾಗಿದೆ. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಜೇಡಿಮಣ್ಣಿನಿಂದ ಮುಚ್ಚಿ. ವಾರದ ನಂತರ ಹೊಸ ಪುಡಿ ಬಿದ್ದರೆ ಇನ್ನೊಮ್ಮೆ.

ಎಲೆಯಲ್ಲಿ ಹಳದಿ ಮಚ್ಚೆ, ಆಕಾರ ಸೊಟ್ಟ. ಪೋಷಕಾಂಶದ ಕೊರತೆಯೇ?

ಅಂಚು ಸ್ಪಷ್ಟವಿಲ್ಲದ ಚಿತ್ತಾರದಂಥ ಹಳದಿಯಾದರೆ ಮೊಸಾಯಿಕ್ ವೈರಸ್ ಇರಬಹುದು. ಔಷಧವಿಲ್ಲ. ಗಿಡ ಬಲವಾಗಿದ್ದರೆ ಹಣ್ಣು ಕೊಡುತ್ತಲೇ ಇರುತ್ತದೆ. ಅದರ ಕಡ್ಡಿಯನ್ನು ಮಾತ್ರ ಯಾರಿಗೂ ಹಂಚಬೇಡಿ.

ಸವರಿದ ಮರುದಿನ ಕೈಮೇಲೆ ಬೊಬ್ಬೆ ಎದ್ದಿದೆ!

ಅಂಜೂರದ ಹಾಲಿನಲ್ಲಿರುವ ಸೊರಾಲೆನ್ ಚರ್ಮಕ್ಕೆ ತಾಗಿ ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂಥ ಗಾಯವಾಗುತ್ತದೆ. ತುಂಬುತೋಳಿನ ಅಂಗಿ, ಕೈಗವಸು ಹಾಕಿ, ಸಂಜೆ ಸವರಿ, ಸೋಪಿನಲ್ಲಿ ತೊಳೆಯಿರಿ. ಮಕ್ಕಳು ಎಲೆ ಕೀಳುತ್ತಾ ಆಡದಂತೆ ನೋಡಿಕೊಳ್ಳಿ. ಬೊಬ್ಬೆ ದೊಡ್ಡದಿದ್ದರೆ ಒಡೆಯದೆ ವೈದ್ಯರಿಗೆ ತೋರಿಸಿ.

ತಾಜಾ ಅಂಜೂರದ ಮಿಲ್ಕ್‌ಶೇಕ್ ಕಹಿಯಾಗುತ್ತದೆ, ಕೆಲವೊಮ್ಮೆ ಒಡೆಯುತ್ತದೆ.

ಅಂಜೂರದ ಅದೇ ಸೊನೆಹಾಲಿನಲ್ಲಿರುವ ಫಿಸಿನ್ ಎಂಬ ಕಿಣ್ವ ನಾವು ಹಾಕುವ ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ. ಪೂರ್ತಿ ಮಾಗಿದ ಹಣ್ಣೇ ಹಾಕಿ, ತೊಟ್ಟು ತೆಗೆಯಿರಿ, ಮಾಡಿದ ಕೂಡಲೇ ಕುಡಿಯಿರಿ. ಮುಂಚೆ ಮಾಡಿಡುವುದಾದರೆ ಹಣ್ಣನ್ನು ಐದು ನಿಮಿಷ ಬೇಯಿಸಿ ಆರಿಸಿಕೊಂಡರೆ ಕಿಣ್ವ ಸಾಯುತ್ತದೆ.

ಮನೆಯಲ್ಲಿ ಒಣಗಿಸಬಹುದೇ?

ಡಯಾನಾ, ಕೊನಾಡ್ರಿಯಾ ಒಣಗಿಸಿದರೆ ಚೆನ್ನ, ಪೂನಾ ಅಷ್ಟಕ್ಕಷ್ಟೆ. ಗಿಡದಲ್ಲೇ ಸುಕ್ಕುಬೀಳಲು ಬಿಟ್ಟು ಕಿತ್ತು, ಅರ್ಧ ಸೀಳಿ, ಸ್ಟೀಲ್ ಜಾಲರಿಯ ಮೇಲೆ ಹರಡಿ ಮೇಲೆ ಸೊಳ್ಳೆಪರದೆ ಕಟ್ಟಿ. ಮಾರ್ಚ್ ಬಿಸಿಲಿನಲ್ಲಿ ನಾಲ್ಕೈದು ದಿನ, ರಾತ್ರಿ ಒಳಗಿಡಿ. ಡ್ರೈಯರ್ ಆದರೆ 55ರಿಂದ 60 ಡಿಗ್ರಿಯಲ್ಲಿ 12 ಗಂಟೆಯ ನಂತರ ನೋಡುತ್ತಾ ಇರಿ. ಹಿಂಡಿದರೆ ರಸ ಬರಬಾರದು, ಬಗ್ಗಿಸಿದರೆ ಮುರಿಯಬಾರದು. ನಾಲ್ಕು ಕೆಜಿ ಹಸಿ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕೆಜಿ ಸಿಗುತ್ತದೆ. ಫ್ರಿಜ್ಜಿನಲ್ಲಿಡಿ, ಹೊರಗಿಟ್ಟರೆ ಹುಳ ಹಿಡಿಯುತ್ತದೆ.

ಹೊರದೇಶದಲ್ಲಿದ್ದೇವೆ. ಅಲ್ಲಿ ಬೆಳೆಯಬಹುದೇ? ಅಲ್ಲಿನ ಕಡ್ಡಿ ಊರಿಗೆ ತರಬಹುದೇ?

ದುಬೈ ಕಡೆ ಬೇಸಿಗೆಯಲ್ಲಿ ಮಧ್ಯಾಹ್ನದ ನೆರಳು, ಎರಡು ಹೊತ್ತು ನೀರು ಕೊಟ್ಟರೆ ಬರುತ್ತದೆ. ನ್ಯೂಜೆರ್ಸಿಯಂಥ ಹಿಮದೂರಿನಲ್ಲಿ ಚಿಕಾಗೋ ಹಾರ್ಡಿ ಹಾಕಿ. ಮೇಲ್ಭಾಗ ಚಳಿಗೆ ಸತ್ತರೂ ಬುಡದಿಂದ ಚಿಗುರಿ ಅದೇ ವರ್ಷ ಕಾಯಿ ಬಿಡುತ್ತದೆ. ಕುಂಡದ ಗಿಡವಾದರೆ ಎಲೆ ಉದುರಿದ ಮೇಲೆ ಬಿಸಿಯಿಲ್ಲದ ಗ್ಯಾರೇಜಿನಲ್ಲಿಟ್ಟು, ತಿಂಗಳಿಗೊಮ್ಮೆ ಒಂದು ಲೋಟ ನೀರು ಕೊಡಿ.

ಕಡ್ಡಿಯನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರುವಂತಿಲ್ಲ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿಯೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಮೊಸಾಯಿಕ್ ವೈರಸ್ ಕಡ್ಡಿಯ ಜೊತೆಗೇ ಪ್ರಯಾಣ ಮಾಡುತ್ತದೆ, ಕಣ್ಣಿಗೆ ಕಾಣುವುದಿಲ್ಲ.